ಕಾಲದ ತಪ್ಪೂ ಮನುಷ್ಯನ ಹೊಣೆಯೂ

ಮಳೆ ತಪ್ಪಿದಾಗಲೂ, ಹೊತ್ತಲ್ಲದ ಹೊತ್ತಿನಲ್ಲಿ ಸುರಿದಾಗಲೂ, ಊರಿಗೆ ಜ್ವರ ಬಂದಾಗಲೂ ‘ಕಾಲ ಕೆಟ್ಟಿತು’ ಎಂದು ನಿಟ್ಟುಸಿರು ಬಿಡುವುದು ಕನ್ನಡನಾಡಿನ ಹಳೆಯ ರೂಢಿ. ಈ ಮಾತಿನಲ್ಲಿ ದುಃಖವಿದೆ. ಅದರೊಡನೆ ಒಂದು ಬಗೆಯ ಸಮಾಧಾನವೂ ಇದೆ. ಕಾಲವೇ ಕೆಟ್ಟ ಮೇಲೆ ಮನುಷ್ಯನು ಮಾಡತಕ್ಕುದೇನೂ ಉಳಿಯಲಿಲ್ಲವಷ್ಟೆ! ಲೋಕದ ಒಳಿತು ಕೆಡುಕುಗಳಿಗೆ ಕಾಲವು ಕಾರಣವೋ, ಆಳುವವನು ಕಾರಣನೋ ಎಂಬ ಸಂಶಯವು ಮಹಾಭಾರತದ ಶಾಂತಿಪರ್ವದಲ್ಲಿಯೇ ಬಂದಿದೆ. ಭೀಷ್ಮನು ಹೊಣೆಯನ್ನು ಆಳುವವನ ಮೇಲೆಯೇ ಇರಿಸುತ್ತಾನೆ. ಅಂದು ಇದು ರಾಜನೀತಿಯ ಮಾತಾಗಿತ್ತು. ಇಂದು ವಾಯುಗುಣವೇ ಮನುಷ್ಯನ ಕಾರ್ಯದಿಂದ ಮಾರ್ಪಡುತ್ತಿರುವುದರಿಂದ, ‘ಕಾಲವನ್ನು ಕೆಡಿಸಿದವರು ಯಾರು, ಕೆಟ್ಟ ಕಾಲದಲ್ಲಿ ಯಾರ ಕರ್ತವ್ಯವೇನು?’ ಎಂಬ ಪ್ರಶ್ನೆಯಾಗಿ ಅದು ಪರಿಣಮಿಸಿದೆ. ಸೊಳ್ಳೆಯಿಂದ ಹರಡುವ ರೋಗಗಳ ವಿಷಯದಲ್ಲಂತೂ ಈ ಪ್ರಶ್ನೆಯು ಮನೆಯ ಹಿತ್ತಿಲಿಗೇ ಬಂದು ನಿಂತಿದೆ.

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಈ ಸೀಮೆಯ ಪಡುವಲಿಗೆ ವಯನಾಡಿನ ಮಲೆ. ತೆಂಕಲಿಗೆ ಬಂಡೀಪುರದ ಕಾಡು, ಅದರಾಚೆ ನೀಲಗಿರಿ. ಮುಂಗಾರಿನ ಮೋಡವು ತನ್ನ ಭಾರವನ್ನು ಆ ಬೆಟ್ಟಗಳ ಮೇಲೆ ಇಳಿಸಿ, ಉಳಿದಷ್ಟನ್ನು ಈ ಕಡೆಗೆ ಕೊಡುತ್ತದೆ. ಅರಿಸಿನ, ಸೂರ್ಯಕಾಂತಿ, ಈರುಳ್ಳಿಗಳನ್ನು ಬೆಳೆಯುವ ಒಕ್ಕಲಿಗೆ ಆಕಾಶವನ್ನು ನೋಡುವುದು ನಿತ್ಯದ ಕೆಲಸ. ಇಂತಹ ಸೀಮೆಯಲ್ಲಿ ನೀರನ್ನು ಕೂಡಿಡುವುದು ಗೃಹಕೃತ್ಯಗಳಲ್ಲಿ ಮೊದಲನೆಯದು. ನಲ್ಲಿಯಲ್ಲಿ ನೀರು ಬಂದ ದಿನ ಹಿತ್ತಿಲ ತೊಟ್ಟಿ, ಬಚ್ಚಲ ಹಂಡೆ, ಪೀಪಾಯಿ, ಕೊಡಗಳೆಲ್ಲ ತುಂಬಬೇಕು. ಮುಂದೆ ಎಂದು ಬರುವುದೋ ಎಂಬ ಭಯದಿಂದ ಅವು ತಳಕಾಣದಂತೆ ಕಾಯಬೇಕು. ೨೦೨೩ರಲ್ಲಿ ಕರ್ನಾಟಕದ ೨೩೬ ತಾಲ್ಲೂಕುಗಳ ಪೈಕಿ ೨೨೩ನ್ನು ಬರಪೀಡಿತವೆಂದು ಸರ್ಕಾರವು ಸಾರಿತು. ಮರುವರ್ಷವೇ ಡೆಂಗಿ ಜ್ವರವು ರಾಜ್ಯದಲ್ಲಿ ಬಹಳವಾಗಿ ಹಬ್ಬಿತು. ಇದಕ್ಕೆ ಬರವೊಂದೇ ಕಾರಣವೆನ್ನಲಾಗದು; ಆದರೆ ಬರಕ್ಕೂ ಜ್ವರಕ್ಕೂ ನಡುವೆ ನೀರಿನ ತೊಟ್ಟಿಯೊಂದಿದೆ ಎಂಬುದನ್ನು ಮರೆಯುವಂತಿಲ್ಲ.

ಡೆಂಗಿ, ಚಿಕುನ್‌ಗುನ್ಯಾಗಳನ್ನು ಹರಡುವ ಈಡಿಸ್ ಜಾತಿಯ ಸೊಳ್ಳೆಯು ಕೊಳಚೆಗಿಂತ ಮನೆಯ ತಿಳಿನೀರನ್ನೇ ಮೆಚ್ಚುವುದು, ಹಗಲಿನಲ್ಲಿ ಕಚ್ಚುವುದು. ತೊಟ್ಟಿಯ ಒಳಮೈಗೆ ಅಂಟಿದ ಅದರ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರು ಮುಟ್ಟಿದೊಡನೆ ಒಡೆಯುತ್ತವೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯು ಸೊಳ್ಳೆಯಾಗಿ ಹಾರಲು ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಸಾಕು. ಆದಕಾರಣ ಬರಗಾಲವು ತೊಟ್ಟಿಯನ್ನು ತುಂಬಿಸಿಯೂ, ಅಕಾಲದ ಮಳೆಯು ಒಡೆದ ಮಡಕೆ, ತೆಂಗಿನ ಕರಟ, ಹಳೆಯ ಟೈರುಗಳನ್ನು ತುಂಬಿಸಿಯೂ ಒಂದೇ ಕೀಟವನ್ನು ಸಾಕುತ್ತವೆ.

ಇನ್ನು ಶಾಖದ ಮಾತು. ರೋಗಿಯ ರಕ್ತವನ್ನು ಕುಡಿದ ಕ್ಷಣದಲ್ಲಿಯೇ ಸೊಳ್ಳೆಯು ಅಪಾಯಕಾರಿಯಾಗುವುದಿಲ್ಲ. ರೋಗಾಣುವು ಅದರ ಒಡಲಿನಲ್ಲಿ ಬಲಿಯಬೇಕು. ಮಲೇರಿಯದ ಅತ್ಯಂತ ಘೋರವಾದ ರೋಗಾಣುವು ಹೀಗೆ ಬಲಿಯಲು ೨೫ ಡಿಗ್ರಿ ಸೆಂಟಿಗ್ರೇಡಿನ ಹವೆಯಲ್ಲಿ ಸುಮಾರು ೧೨ ದಿನ ಬೇಕು. ೨೦ ಡಿಗ್ರಿಯಲ್ಲಿ ಮೂರು ವಾರಗಳೂ ಸಾಲವು. ಸೊಳ್ಳೆಯ ಆಯುಸ್ಸೇ ಕೆಲವು ವಾರಗಳಾದ್ದರಿಂದ, ತಂಪು ಹವೆಯಲ್ಲಿ ರೋಗಾಣು ಬಲಿಯುವ ಮೊದಲೇ ಅದನ್ನು ಹೊತ್ತ ಸೊಳ್ಳೆಯು ಸಾಯುತ್ತದೆ. ಎತ್ತರದ ಬೆಟ್ಟದೂರುಗಳಿಗೆ ಚಳಿಯೇ ಬೇಲಿಯಾಗಿರುವುದು ಹೀಗೆ. ಹವೆಯು ಒಂದೆರಡು ಡಿಗ್ರಿ ಏರಿದರೆ ಆ ಬೇಲಿಯಲ್ಲಿ ಕಂಡಿ ಬೀಳುತ್ತದೆ. ಶಾಖ ಏರಿದಷ್ಟೂ ರೋಗವು ಏರುವುದೆಂದು ಮಾತ್ರ ತಿಳಿಯಲಾಗದು. ಮಲೇರಿಯದ ಹರಡಿಕೆಗೆ ಸುಮಾರು ೨೫ ಡಿಗ್ರಿಯೂ, ಡೆಂಗಿಗೆ ಸುಮಾರು ೨೯ ಡಿಗ್ರಿಯೂ ಬಹಳ ಅನುಕೂಲ. ಅದಕ್ಕಿಂತ ಬಹಳ ಮೀರಿದರೆ ಸೊಳ್ಳೆಯೂ ಬಾಳದು. ರೋಗವು ಕೆಲವೆಡೆ ತಗ್ಗಬಹುದು, ಕೆಲವೆಡೆ ಹೊಸದಾಗಿ ಕಾಲಿಡಬಹುದು. ಯಾವ ತಿಂಗಳಿನಲ್ಲಿ ಯಾವ ಜ್ವರವೆಂದು ಹಿರಿಯರು ಇಟ್ಟುಕೊಂಡಿದ್ದ ಲೆಕ್ಕವು ತಪ್ಪುತ್ತಿದೆ ಎಂಬುದೇ ಇದರ ಸಾರಾಂಶ.

ಹೀಗಿರಲು ಅಪರಾಧವು ಯಾರದು? ಒಂದು ಪಕ್ಷವು ಮನೆಯವರದೇ ಎನ್ನುತ್ತದೆ. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಹುಟ್ಟಲು ಎಡೆಗೊಟ್ಟ ಮನೆಗೆ ಪಟ್ಟಣದಲ್ಲಿ ೪೦೦ ರೂಪಾಯಿ, ಹಳ್ಳಿಯಲ್ಲಿ ೨೦೦ ರೂಪಾಯಿ ದಂಡವನ್ನು ಗೊತ್ತುಮಾಡಿತು. ನೆರೆಯವನ ಮಗುವಿಗೆ ಜ್ವರ ತರುವ ಅಜಾಗ್ರತೆಯನ್ನು ಶಿಕ್ಷಿಸುವುದು ನ್ಯಾಯವೇ ಸರಿ ಎಂಬುದು ಈ ಪಕ್ಷದವರ ವಾದ.

ಇನ್ನೊಂದು ಪಕ್ಷವು ಹೀಗೆ ಕೇಳುತ್ತದೆ: ನಲ್ಲಿಯು ದಿನವೂ ಹರಿದಿದ್ದರೆ ಆ ಗೃಹಿಣಿ ನೀರನ್ನು ಕೂಡಿಡುತ್ತಿದ್ದಳೆ? ಮಳೆಯು ತನ್ನ ಕಾಲಕ್ಕೆ ಬಂದಿದ್ದರೆ ನಲ್ಲಿಯು ಬತ್ತುತ್ತಿತ್ತೆ? ಹವೆಯನ್ನು ಕಾಯಿಸಿದ ಹೊಗೆಯಲ್ಲಿ ಅವಳ ಒಲೆಯ ಪಾಲು ಎಷ್ಟು? ಭಾರತದಲ್ಲಿ ತಲೆಯೊಂದಕ್ಕೆ ಬೀಳುವ ಹೊಗೆಯು ಲೋಕದ ಸರಾಸರಿಯ ಅರ್ಧಕ್ಕಿಂತಲೂ ಕಡಮೆ. ಅದರಲ್ಲಿಯೂ ಕೂಲಿಯವಳ ಪಾಲು ಪಟ್ಟಣದ ಸಿರಿವಂತನ ಪಾಲಿಗೆ ಸಮನಾಗಲಾರದು. ಆದರೂ ನೋವು ಮೊದಲು ಮುಟ್ಟುವುದು ಅವಳನ್ನೇ. ಚಿಕುನ್‌ಗುನ್ಯಾ ಎಂಬ ಹೆಸರು ಆಫ್ರಿಕದ ಮಕೊಂಡೆ ಜನರ ಭಾಷೆಯಲ್ಲಿ ಬಗ್ಗಿಹೋಗುವುದನ್ನು ಸೂಚಿಸುತ್ತದೆ. ೨೦೦೬ರಲ್ಲಿ ಕರ್ನಾಟಕವೊಂದರಲ್ಲಿಯೇ ಏಳು ಲಕ್ಷಕ್ಕೂ ಹೆಚ್ಚು ಮಂದಿಗೆ ಆ ಜ್ವರ ಬಂದಿರುವ ಶಂಕೆ ದಾಖಲಾಯಿತು. ಕೀಲುಗಳ ನೋವು ಹಲವರನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸವಾದರೆ ಅಷ್ಟಿಷ್ಟು ನಡೆದೀತು. ಕಳೆ ಕೀಳುವ ಕೈಗೆ ಆ ತಿಂಗಳುಗಳ ಕೂಲಿಯೇ ಹೋಯಿತು. ಇಂಥವರಿಗೆ ದಂಡ ಹಾಕುವುದೆಂದರೆ ಒಬ್ಬರ ಸಾಲವನ್ನು ಇನ್ನೊಬ್ಬರಿಂದ ವಸೂಲು ಮಾಡಿದಂತಲ್ಲವೆ?

ಈ ಎರಡನೆಯ ವಾದದಲ್ಲಿ ಸತ್ಯಾಂಶವು ಬಹಳವಾಗಿದೆ. ಅದರಿಂದಲೇ ಅದರಲ್ಲಿ ಅಪಾಯವೂ ಇದೆ. ಮಲೇರಿಯವು ಸೊಳ್ಳೆಯ ಮೂಲಕ ಹರಡುವ ಬಗೆಯನ್ನು ಸಿಕಂದರಾಬಾದಿನಲ್ಲಿ ೧೮೯೭ರಲ್ಲಿ ಬೆಳಕಿಗೆ ತಂದ ರೊನಾಲ್ಡ್ ರಾಸ್ ಎಂಬ ವೈದ್ಯನು ಅದಕ್ಕೆ ಹಲವು ವರ್ಷ ಮೊದಲು, ೧೮೮೩ರಲ್ಲಿ, ಬೆಂಗಳೂರಿನ ದಂಡಿನಲ್ಲಿದ್ದನು. ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ತೊಟ್ಟಿಯ ನೀರಿನಲ್ಲಿ ಮರಿಹುಳುಗಳನ್ನು ಕಂಡು ಅದನ್ನು ಬೋರಲು ಹಾಕಿಸಲು, ಸೊಳ್ಳೆಗಳ ಕಾಟ ನಿಂತಿತಂತೆ. ಈ ಉಪಾಯವನ್ನು ಜೊತೆಯ ಅಧಿಕಾರಿಗೆ ತಿಳಿಸಿದಾಗ ಆತನು ಸಮ್ಮತಿಸಲಿಲ್ಲ. ಸೊಳ್ಳೆಯೂ ಯಾವುದೋ ಉದ್ದೇಶಕ್ಕಾಗಿ ಸೃಷ್ಟಿಯಾದ ಜೀವಿ. ಸಹಜಕ್ರಮವನ್ನು ಕೆಡಿಸಕೂಡದು, ಸಹಿಸಿಕೊಳ್ಳುವುದೇ ಧರ್ಮ ಎಂಬುದು ಆತನ ಉತ್ತರವಾಗಿತ್ತೆಂದು ರಾಸನು ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ವಾಚಕರಿಗೆ ಇದು ನಗೆ ತರಬಹುದು. ಆದರೆ ‘ಲೋಕದ ಹವೆಯೇ ಕೆಟ್ಟಿರುವಾಗ ನನ್ನ ತೊಟ್ಟಿಯೊಂದನ್ನು ಮುಚ್ಚಿ ಏನು ಫಲ?’ ಎಂದು ಇಂದು ಕೇಳುವವನು ಆ ಅಧಿಕಾರಿಗಿಂತ ಎಷ್ಟು ಭಿನ್ನನು? ಅಂದು ಸೃಷ್ಟಿಯ ಹೆಸರಿನಲ್ಲಿ ತೊಟ್ಟಿ ಉಳಿಯಿತು, ಇಂದು ವಿಜ್ಞಾನದ ಹೆಸರಿನಲ್ಲಿ ಉಳಿಯುತ್ತದೆ. ಮರಿಹುಳುವಿಗೆ ಎರಡೂ ಒಂದೇ.

ತಪ್ಪು ಮತ್ತು ಹೊಣೆ ಎಂಬ ಎರಡು ಮಾತುಗಳನ್ನು ಬೇರ್ಪಡಿಸಿ ನೋಡಿದರೆ ಈ ತೊಡಕು ಬಹುಮಟ್ಟಿಗೆ ಬಿಡುವುದು. ತಪ್ಪು ಹಿಂದಣದನ್ನು ನೋಡುತ್ತದೆ, ಮಾಡಿದವನನ್ನು ಹುಡುಕುತ್ತದೆ. ಹೊಣೆ ಮುಂದಣದನ್ನು ನೋಡುತ್ತದೆ, ಮಾಡಬಲ್ಲವನನ್ನು ಹುಡುಕುತ್ತದೆ. ನೆರೆಮನೆಗೆ ಬೆಂಕಿ ಬಿದ್ದಾಗ ಹಚ್ಚಿದವನು ಸಿಕ್ಕುವವರೆಗೆ ಕೊಡವನ್ನು ಎತ್ತೆನೆಂದು ಯಾರೂ ಹೇಳುವುದಿಲ್ಲ. ಹಾಗೆಯೇ, ನೀರು ಹೊತ್ತು ತಂದವನಿಗೆ ಬೆಂಕಿಯ ಅಪರಾಧವನ್ನು ಹೊರಿಸುವುದೂ ಇಲ್ಲ. ಈಡಿಸ್ ಸೊಳ್ಳೆಯು ಬಹಳ ದೂರ ಹಾರುವ ಪ್ರಾಣಿಯಲ್ಲ. ಅದರ ಸಂಚಾರವು ಬಹುತೇಕ ಕೆಲವು ನೂರು ಗಜಗಳೊಳಗೇ ಮುಗಿಯುತ್ತದೆ. ಹವೆಯನ್ನು ಕೆಡಿಸಿದವರು ಸಾವಿರಾರು ಮೈಲಿಗಳಾಚೆ ಇರಬಹುದು. ಒಂದು ತೊಟ್ಟಿಯಿಂದ ಎದ್ದ ಸೊಳ್ಳೆಯು ಕಚ್ಚುವುದು ಅದೇ ಬೀದಿಯವರನ್ನು. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ ಒಳಮೈಯನ್ನು ತಿಕ್ಕುವುದು, ಬಾಯಿಗೆ ಬಟ್ಟೆ ಬಿಗಿಯುವುದು, ಕರಟವನ್ನು ಬೋರಲು ಹಾಕುವುದು ಇವೆಲ್ಲ ಆ ಬೀದಿಗೆ ಸಲ್ಲತಕ್ಕ ಋಣ. ದೂರದವರ ಅನ್ಯಾಯವು ಈ ಋಣವನ್ನು ತೀರಿಸದು.

ಆದರೆ ಹೊಣೆಯು ಶಕ್ತಿಗೆ ತಕ್ಕಂತೆ ಹಂಚಿಕೆಯಾಗಬೇಕು. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡೆಂದು ಹೇಳುವವನು ಅದು ಮತ್ತೆ ತುಂಬುವುದೆಂಬ ಭರವಸೆಯನ್ನೂ ಕೊಡಬೇಕು; ಇಲ್ಲದಿದ್ದರೆ ಆ ಉಪದೇಶವು ಬರದ ಊರಿನಲ್ಲಿ ಕ್ರೂರವಾದ ಪರಿಹಾಸ್ಯವಾಗುವುದು. ನೀರನ್ನು ಕ್ರಮವಾಗಿ ಕೊಟ್ಟು, ಮುಚ್ಚಳವನ್ನು ಒದಗಿಸಿದ ಮೇಲೆ ಹಾಕುವ ದಂಡಕ್ಕೆ ನ್ಯಾಯದ ಬಲವಿದೆ. ಅದಕ್ಕೆ ಮೊದಲು ಹಾಕುವ ದಂಡವು ಬಡತನಕ್ಕೆ ಹಾಕಿದ ದಂಡ. ಹೊಗೆಯ ಸುಖವನ್ನು ಉಂಡ ದೇಶಗಳೂ, ಈ ದೇಶದೊಳಗಣ ಅನುಕೂಲಸ್ಥರೂ, ತಮ್ಮ ಪಾಲನ್ನು ದಾನವೆಂದು ಕೊಡದೆ ಸಾಲವೆಂದು ತೀರಿಸಬೇಕಾದುದು ನ್ಯಾಯ.

ಈ ನಾಡಿನ ಅನುಭವವೂ ಇದನ್ನೇ ಬೋಧಿಸುತ್ತದೆ. ೧೯೩೦ರ ದಶಕದಲ್ಲಿ ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ ಹರಿದು ಮಂಡ್ಯದ ಸೀಮೆ ಹಸುರಾದಾಗ ಅದರ ಹಿಂದೆಯೇ ಚಳಿಜ್ವರವೂ ಬಂದಿತು. ನೀರು ತಂದವರೇ ಜ್ವರವನ್ನು ತಡೆಯುವ ಹೊಣೆಯನ್ನೂ ಹೊರಬೇಕಾಯಿತು. ಇಂದು ಕಬಿನಿಯ ನೀರನ್ನು ಮೇಲೆತ್ತಿ ಗುಂಡ್ಲುಪೇಟೆ ತಾಲ್ಲೂಕಿನ ಕೆರೆಗಳಿಗೆ ತುಂಬಿಸುತ್ತಿರುವುದು ಸಂತೋಷದ ಸಂಗತಿ. ಮಂಡ್ಯದ ಪಾಠವು ಅದರೊಡನೆಯೇ ಬರಬೇಕು. ೧೯೫೩ರಲ್ಲಿ ಮೊದಲಾದ ರಾಷ್ಟ್ರೀಯ ಕಾರ್ಯಕ್ರಮದಿಂದ ೧೯೬೫ರ ಹೊತ್ತಿಗೆ ಭಾರತದಲ್ಲಿ ವರ್ಷದ ಮಲೇರಿಯ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿದಿತ್ತು. ಗೆದ್ದೆವೆಂಬ ಭ್ರಾಂತಿಯಿಂದ ಎಚ್ಚರ ಸಡಿಲಿತು, ಡಿ.ಡಿ.ಟಿ.ಗೆ ಸೊಳ್ಳೆಯೂ ಒಗ್ಗಿಕೊಂಡಿತು. ೧೯೭೬ರಲ್ಲಿ ಆ ಸಂಖ್ಯೆ ಅರವತ್ತನಾಲ್ಕು ಲಕ್ಷವನ್ನು ಮುಟ್ಟಿತು. ಆ ಏರಿಕೆಗೆ ಹವೆಯ ಮೇಲೆ ದೋಷ ಹೊರಿಸಿ ಕೈತೊಳೆದುಕೊಳ್ಳುವಂತಿರಲಿಲ್ಲ.

ಹವೆಯು ಮುಂದೆ ಇನ್ನಷ್ಟು ಕಾಯಬಹುದು. ಅದನ್ನು ತಡೆಯುವ ಮಾತುಕತೆಗಳು ದೊಡ್ಡ ನಗರಗಳ ದೊಡ್ಡ ಸಭೆಗಳಲ್ಲಿ ನಡೆಯುತ್ತವೆ, ನಡೆಯಲೇಬೇಕು. ಅವು ಮುಗಿಯುವವರೆಗೆ ಕಾಯುವ ವ್ಯವಧಾನ ಸೊಳ್ಳೆಗಿಲ್ಲ. ಅದರ ಲೆಕ್ಕವು ಹತ್ತು ದಿನದ್ದು. ಆ ಹತ್ತು ದಿನಗಳ ಲೆಕ್ಕವನ್ನು ಮನೆಯವರೂ, ಪಂಚಾಯತಿಯೂ, ಸರ್ಕಾರವೂ ಕೂಡಿ ಇಟ್ಟುಕೊಂಡ ಊರಿನಲ್ಲಿ, ಕಾಲ ಕೆಟ್ಟರೂ ಮಕ್ಕಳ ಮೈ ಕಾಯದೆ ಉಳಿಯುವ ಸಂಭವ ಹೆಚ್ಚು.