ನಿರ್ಣಯ ಮತ್ತು ಫಲ

ಹುಲಗೋಳದಲ್ಲಿ ತರುಣರು ವಾದಿಸುತ್ತ ನಮ್ಮನ್ನು ಕೇಳಿದರು: 1976ರ ಏಪ್ರಿಲ್ ತಿಂಗಳ ಪೋರ್ಟ್ ಆಫ್ ಸ್ಪೇನ್ ಟೆಸ್ಟಿನಲ್ಲಿ ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್ 6 ವಿಕೆಟ್ಟಿಗೆ 271 ರನ್ನಾದಾಗ ಡಿಕ್ಲೇರ್ ಮಾಡಿ, ಭಾರತಕ್ಕೆ 403ರ ಗುರಿಯಿತ್ತದ್ದು ಅವಿವೇಕವಲ್ಲವೇ? ಗಾವಸ್ಕರರ 102, ನಮ್ಮ ಭದ್ರಾವತಿಯ ವಿಶ್ವನಾಥರ 112 ರನ್ನುಗಳ ಬಲದಿಂದ ಭಾರತವು 4 ವಿಕೆಟ್ಟಿಗೆ 406 ಗಳಿಸಿ ಗೆದ್ದಿತು, ನಿಜ. ಆದರೆ ಅದುವರೆಗೆ ನಾನೂರು ದಾಟಿದ ಗುರಿಯನ್ನು ಮುಟ್ಟಿ ಗೆದ್ದ ತಂಡ ಒಂದೇ: 1948ರ ಆಸ್ಟ್ರೇಲಿಯಾ. ಲಾಯ್ಡರಿಗೆ ತಿಳಿದದ್ದು ಅಷ್ಟು, ನಾಳೆಯನ್ನು ಬಲ್ಲವರಾರು? ಆಡುತ್ತಲೇ ಹೋಗಿದ್ದರೆ ಸೋಲಿನ ಭಯ ಕಳೆಯುತ್ತಿತ್ತು. ಗೆಲುವಿನ ಬಾಗಿಲೂ ಮುಚ್ಚುತ್ತಿತ್ತು. ಧಾರಣೆ ಏರುವ ಮುನ್ನ ಅಡಿಕೆ ಮಾರಿದ ತಂದೆಯನ್ನು ಮಕ್ಕಳು ಹಳಿಯುವುದೂ ಹೀಗೆಯೇ. ನಿರ್ಣಯವನ್ನು ಅಂದಿನ ಅರಿವಿನಿಂದ, ಉದ್ದೇಶದಿಂದ ಅಳೆಯಿರಿ. ಫಲವು ಪಾಠವನ್ನು ಕಲಿಸಬಲ್ಲದು, ತೀರ್ಪನ್ನು ನೀಡಲಾರದು.