ಪ್ರೇಮವೂ ಕುಲನಿಷ್ಠೆಯೂ

ಹೆತ್ತು ಹೊರೆದ ಮನೆಗೆ ಮನುಷ್ಯನು ಎಷ್ಟರವರೆಗೆ ಋಣಿ? ತಾನು ಮೆಚ್ಚಿದವರನ್ನು ಆ ಮನೆಯು ಒಪ್ಪದಿದ್ದರೆ ಧರ್ಮವು ಯಾವ ಕಡೆಗೆ ನಿಲ್ಲುವುದು? ಈ ಪ್ರಶ್ನೆಯು ಎಲ್ಲ ದೇಶಗಳಲ್ಲಿಯೂ ಏಳುವುದಷ್ಟೆ. ಆದರೆ ತಾಯ್ನಾಡನ್ನು ಬಿಟ್ಟು ಪರದೇಶದಲ್ಲಿ ಬೇರೂರಬೇಕಾದ ಜನರಲ್ಲಿ ಅದು ಹೆಚ್ಚು ತೀಕ್ಷ್ಣವಾಗುವುದು. ನ್ಯೂಯಾರ್ಕ್ ನಗರದ ಪೂರ್ವ ಹಾರ್ಲೆಮ್ಮಿನಲ್ಲಿ ನೆಲೆಸಿದ ಇಟಲಿಯವರ ಬಾಳು ಇದಕ್ಕೆ ನಿದರ್ಶನ.

1880ರಿಂದ 1924ರವರೆಗೆ ಸುಮಾರು 40 ಲಕ್ಷ ಇಟಲಿಯವರು ಅಮೆರಿಕವನ್ನು ಸೇರಿದರು. ಅವರಲ್ಲಿ ಬಹುಮಂದಿ ದಕ್ಷಿಣ ಪ್ರಾಂತಗಳ ಬಡ ರೈತರು, ಕೂಲಿಕಾರರು. ಅವರು ಕಂಡ ಸರಕಾರವು ತೆರಿಗೆ ಎತ್ತುತ್ತಿತ್ತು, ಜಮೀನುದಾರನು ಗೇಣಿ ಕೇಳುತ್ತಿದ್ದನು. ಕಷ್ಟಕಾಲದಲ್ಲಿ ಆಸರೆಯಾದುದು ಕುಟುಂಬವೊಂದೇ. ಊರ ಇಗರ್ಜಿಯ ಗಂಟೆ ಎಲ್ಲಿಯವರೆಗೆ ಕೇಳುವುದೋ ಅಲ್ಲಿಯವರೆಗಿನವರೇ ತನ್ನವರೆಂಬ ಭಾವಕ್ಕೆ ಅವರ ಭಾಷೆಯಲ್ಲಿ ‘ಕಂಪನಿಲಿಸ್ಮೊ’ ಎಂಬ ಹೆಸರೇ ಉಂಟು. ಹಾರ್ಲೆಮ್ಮಿನಲ್ಲಿಯೂ ಒಂದೇ ಊರಿನವರು ಒಂದೇ ಬೀದಿಯನ್ನು ಹಿಡಿದು ನೆಲೆಸಿದರು. ದುಡಿಯುವ ಮಕ್ಕಳ ಸಂಬಳ ತಾಯಿಯ ಕೈಸೇರುತ್ತಿತ್ತು. ಪ್ರಾಯದ ಹೆಣ್ಣುಮಕ್ಕಳ ಮೇಲೆ ಅಣ್ಣತಮ್ಮಂದಿರ ಕಣ್ಣಿರುತ್ತಿತ್ತು. ಬೇರೆ ಪ್ರಾಂತದ ಇಟಲಿಯವನೂ ಅಲ್ಲಿನ ಹಿರಿಯರಿಗೆ ಪರಕೀಯನೇ.

ಇದನ್ನು ಬರಿಯ ದಬ್ಬಾಳಿಕೆಯೆಂದು ಜರೆಯುವುದು ಸುಲಭ, ಆದರೆ ನ್ಯಾಯವಲ್ಲ. ಕೆಲಸ ತಪ್ಪಿದವನಿಗೆ ಅನ್ನವೂ ಹಾಸಿಗೆ ಹಿಡಿದವನಿಗೆ ಆರೈಕೆಯೂ ಈ ಕಟ್ಟಿನಿಂದಲೇ ದೊರೆಯುತ್ತಿದ್ದುವು. ಕಟ್ಟು ಹುಟ್ಟಿದುದು ತನ್ನವರ ರಕ್ಷಣೆಗಾಗಿ. ರಕ್ಷಿಸಬೇಕಾದವರ ಹೃದಯವನ್ನೇ ಅದು ಮುರಿಯಹೊರಟರೆ ತನ್ನ ಮೂಲೋದ್ದೇಶವನ್ನು ತಾನೇ ಮರೆತಂತಾಯಿತು.

ಅಂತೆಯೇ ಪ್ರೇಮಿಯೂ ಒಂದನ್ನು ಮರೆಯಲಾಗದು. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದನ್ನೂ ಮತ್ತೊಬ್ಬರಿಗಾಗಿ ಬೆವರು ಸುರಿಸುವುದನ್ನೂ ಅವನು ಕಲಿತುದು ಆ ಮನೆಯಲ್ಲಿಯೇ. ತಾಯಿತಂದೆಗಳನ್ನು ವಂಚಿಸಿ ಒಲಿದವಳ ಕೈಹಿಡಿಯುವವನು ಆ ಕಲಿಕೆಯನ್ನು ಕಳೆದುಕೊಂಡೇ ಹೊಸ ಸಂಸಾರವನ್ನು ಹೂಡುತ್ತಾನೆ.

ಅವಿಲ್ಯಾನೊ ಎಂಬ ಊರಿನಲ್ಲಿ 1887ರಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಹಾರ್ಲೆಮ್ಮಿಗೆ ಬಂದ ಲಿಯೊನಾರ್ಡ್ ಕೊವೆಲ್ಲೊ ಅವರ ಜೀವನವು ಇಲ್ಲಿ ಸ್ಮರಣೀಯ. ಕೊವಿಯೆಲ್ಲೊ ಎಂಬ ಮನೆತನದ ಹೆಸರನ್ನು ಉಚ್ಚರಿಸುವುದು ಸುಲಭವಾಗಲೆಂದು ಶಾಲೆಯಲ್ಲಿ ಒಂದಕ್ಷರ ಕಡಿಮೆ ಮಾಡಿದಾಗ ಹೆತ್ತವರು ನೊಂದರು. ಮನೆಗೂ ಶಾಲೆಗೂ ನಡುವಣ ಆ ಬಿರುಕನ್ನು ಬಾಲ್ಯದಲ್ಲಿ ಕಂಡ ಅವರು, 1934ರಿಂದ 1956ರವರೆಗೆ ಅದೇ ಪ್ರದೇಶದ ಬೆಂಜಮಿನ್ ಫ್ರಾಂಕ್ಲಿನ್ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು, ತಾಯಿತಂದೆಗಳನ್ನು ಶಾಲೆಯ ಬಾಗಿಲಿಗೆ ಕರೆತರಲು ದುಡಿದರು. ಎರಡರಲ್ಲೊಂದನ್ನು ತೊರೆಯುವುದು ಅವರ ಮಾರ್ಗವಾಗಿರಲಿಲ್ಲ.

ಪ್ರೇಮದ ವಿಷಯದಲ್ಲಿಯೂ ಇದೇ ಮಾರ್ಗವು ಯೋಗ್ಯವಾದುದು. ಒಲಿದವರನ್ನು ಬಚ್ಚಿಡದೆ ಮನೆಯ ಹೊಸಿಲಿಗೆ ಕರೆತರತಕ್ಕದ್ದು. ಹಿರಿಯರು ಬಾಗಿಲು ತೆರೆಯತಕ್ಕದ್ದು. ತೆರೆಯದಿದ್ದರೆ? ಆಗ ಹೇಳಿಯೇ ಹೊರಡಬೇಕು. ಹೊರಟ ಮೇಲೆಯೂ ಮಗನಾಗಿ, ಮಗಳಾಗಿ ಉಳಿಯಬೇಕು. ಹೊಸಿಲು ದಾಟುವುದರಿಂದ ನಿಷ್ಠೆ ಮುರಿಯದು. ಸುಳ್ಳಿನಿಂದಲೂ ಮರೆವಿನಿಂದಲೂ ಮುರಿಯುವುದು.

ಆ ಬೀದಿಗಳಲ್ಲಿ ಇಂದು ಹೆಚ್ಚಾಗಿ ಕೇಳಿಬರುವುದು ಸ್ಪ್ಯಾನಿಷ್ ನುಡಿ. ಆದರೂ ಜುಲೈ 16ರಂದು 115ನೆಯ ಬೀದಿಯಲ್ಲಿ ನಡೆಯುವ ಕಾರ್ಮೆಲ್ ಮಾತೆಯ ಉತ್ಸವಕ್ಕೆ ಬಿಟ್ಟುಹೋದವರ ಮಕ್ಕಳುಮೊಮ್ಮಕ್ಕಳು ಬರುತ್ತಾರೆ. ಅವರೊಡನೆ ಹೈಟಿ ದೇಶದ ಭಕ್ತರೂ ನಡೆಯುತ್ತಾರೆ. ಆ ಗಂಟೆಯ ದನಿಯಲ್ಲಿ ಪರಕೀಯರಿಗೂ ಎಡೆ ದೊರೆತಿದೆ.