ಗ್ರಹವೆನ್ನಲು ಯಾರ ಅಪ್ಪಣೆ?

ಹ್ಯೂಸ್ಟನ್ ಬಳಿಯ ಕೇಟಿ ಊರಿನ ಹುಡುಗಿಯೊಬ್ಬಳು ಶಾಲೆಯಲ್ಲಿ ಎಂಟು ಗ್ರಹ ಕಲಿತು ಬಂದು, ಶನಿವಾರ ದೇವಸ್ಥಾನದಲ್ಲಿ ಅಜ್ಜಿಯ ಸೆರಗು ಹಿಡಿದು ನವಗ್ರಹ ಸುತ್ತುತ್ತಾಳೆ. ಒಂದರ ಮುಖ ಇನ್ನೊಂದು ನೋಡದಂತೆ ನಿಂತ ಕರಿಕಲ್ಲಿನ ಮೂರ್ತಿಗಳು, ನಡುವೆ ಸೂರ್ಯ. ಮೂರನೇ ಸುತ್ತಿಗೆ ನಿಂತುಬಿಡುತ್ತಾಳೆ. "ಅಜ್ಜಿ, ಇದ್ರಲ್ಲಿ ಭೂಮಿ ಯಾವ್ದು?"

"ಭೂಮಿ ಮೇಲೆ ನಾವೇ ನಿಂತಿದ್ದೀವಲ್ಲೇ!"

ವಿಷಯ ಇದೇ. ಗ್ರಹ ಯಾವುದೆಂದು ಹೇಳುವ ಅಧಿಕಾರ ಜನರದೋ, ಖಗೋಳ ವಿಜ್ಞಾನಿಗಳದೋ?

ಬಲ್ಲವರದೇ ಎಂಬುದು ಪೂರ್ವಪಕ್ಷ. 2006ರ ಆಗಸ್ಟ್ 24ರಂದು ಪ್ರಾಗ್‌ನಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಮೂರು ಷರತ್ತು ಹಾಕಿತು: ಸೂರ್ಯನನ್ನು ಸುತ್ತಬೇಕು, ತನ್ನ ಗುರುತ್ವದಿಂದಲೇ ದುಂಡಗಾಗಿರಬೇಕು, ತನ್ನ ದಾರಿಯನ್ನು ತೆರವು ಮಾಡಿಕೊಂಡಿರಬೇಕು. ಮೂರನೆಯದರಲ್ಲಿ ಪ್ಲೂಟೊ ಎಡವಿತು. ಕೈಪರ್ ಪಟ್ಟಿ ಎಂಬ ಹಿಮಕಾಯಗಳ ಸಂದಣಿಯಲ್ಲಿ ಅದೂ ಒಂದು. ಲೋಕದ ಜನ ಎಷ್ಟು ಕೈ ಎತ್ತಿದರೂ ಆ ಸಂದಣಿ ಕರಗದು.

ಒಪ್ಪೋಣ. ಆದರೆ ಇಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಅಂಟಿಕೊಂಡಿವೆ. ಪ್ಲೂಟೊ ಹೇಗಿದೆ ಎಂಬುದು ದೂರದರ್ಶಕದ ಮಾತು. ಅದನ್ನು ಏನೆಂದು ಕರೆಯಬೇಕು ಎಂಬುದು ನಾಲಿಗೆಯ ಮಾತು. ಧಾತುವಿನಿಂದ ಹುಟ್ಟಿದ ಯೋಗಾರ್ಥಕ್ಕಿಂತ ರೂಢಿಯ ಅರ್ಥವೇ ಬಲವಾದದ್ದು ಎನ್ನುತ್ತಾರೆ ಮೀಮಾಂಸಕರು. 'ಗ್ರಹ' ಎಂದರೆ ಹಿಡಿಯುವಂಥದ್ದು. ಯೋಗಾರ್ಥವನ್ನೇ ನೆಚ್ಚಿದರೆ ಅಡುಗೆಮನೆಯ ಇಕ್ಕಳವೂ ಗ್ರಹವೇ. ರೂಢಿ ಇಕ್ಕಳವನ್ನು ಬಿಟ್ಟು ರಾಹು ಕೇತುಗಳನ್ನು ಸೇರಿಸಿಕೊಂಡಿತು. ಅವು ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಎರಡು ಬಿಂದು, ಅಷ್ಟೆ. ಒಕ್ಕೂಟ ಕಟ್ಟಿದ್ದು ಪರಿಭಾಷೆ. ಅದು ಅವರ ಶಾಸ್ತ್ರದೊಳಗೆ ಸಲ್ಲುತ್ತದೆ, ಅಜ್ಜಿಯ ಪ್ರದಕ್ಷಿಣೆಗೆ ಅಡ್ಡ ಬರುವುದಿಲ್ಲ. ಪ್ಲೂಟೊವನ್ನು 'ಕುಬ್ಜ ಗ್ರಹ' ಎಂದು ಕರೆದು, ಅದು ಗ್ರಹವಲ್ಲ ಎನ್ನುವಾಗ ಮಾತ್ರ ಅವರು ಕನ್ನಡಿಗನ ಕಿವಿಗೆ ಕಿರಿಕಿರಿ ಮಾಡುತ್ತಾರೆ. ಕುಳ್ಳ ಮನುಷ್ಯ ಮನುಷ್ಯನಲ್ಲವೇ?

ಹಾಗಾದರೆ ಜನಾಭಿಪ್ರಾಯವೇ ಪ್ರಮಾಣವಾಯಿತಲ್ಲ ಎಂದು ಆಕ್ಷೇಪಿಸಬಹುದು. ಇಲ್ಲ, ರೂಢಿಯೇ ಬೇರೆ, ಅಭಿಮಾನವೇ ಬೇರೆ. ಪ್ಲೂಟೊವನ್ನು 1930ರಲ್ಲಿ ಕಂಡ ಕ್ಲೈಡ್ ಟಾಂಬೊ ನೆಲೆಸಿದ್ದು ನ್ಯೂ ಮೆಕ್ಸಿಕೊದಲ್ಲಿ. 2007ರಲ್ಲಿ ಅಲ್ಲಿನ ಶಾಸಕರು ತಮ್ಮ ರಾಜ್ಯದ ಆಕಾಶದಲ್ಲಿ ಅದು ಗ್ರಹವೇ ಎಂದು ಸಾರಿದರು. ಟಾಂಬೊ ಅದನ್ನು ಕಂಡದ್ದು ಅರಿಜೋನದ ವೀಕ್ಷಣಾಲಯದಿಂದ. ಆ ರಾಜ್ಯ 2024ರಲ್ಲಿ ಅದನ್ನು ತನ್ನ ಅಧಿಕೃತ ಗ್ರಹ ಮಾಡಿಕೊಂಡಿತು. ಊರ ಮಗನಿಗೆ ಹಾರ ಹಾಕಿದಂತೆ ಇದು. ಎಪ್ಪತ್ತಾರು ವರ್ಷದ ಸಲುಗೆಯನ್ನು ರೂಢಿ ಎನ್ನಲು ನನಗೆ ಮನಸ್ಸಿಲ್ಲ.

ಬಲ್ಲವರಲ್ಲಾದರೂ ಒಮ್ಮತವಿದೆಯೇ? ಅದೂ ಇಲ್ಲ. 2017ರಲ್ಲಿ ಹ್ಯೂಸ್ಟನ್‌ನ ಉತ್ತರಕ್ಕಿರುವ ದ ವುಡ್‌ಲ್ಯಾಂಡ್ಸ್‌ನ ಸಮ್ಮೇಳನದಲ್ಲಿ ಗ್ರಹವಿಜ್ಞಾನಿಗಳಾದ ಕರ್ಬಿ ರನ್ಯನ್, ಅಲನ್ ಸ್ಟರ್ನ್ ಮೊದಲಾದವರು ಬೇರೆಯೇ ಲಕ್ಷಣ ಮುಂದಿಟ್ಟರು: ನಕ್ಷತ್ರವಾಗದೆ, ತನ್ನ ಗುರುತ್ವದಿಂದ ದುಂಡಗಾದದ್ದೆಲ್ಲ ಗ್ರಹ. ಆ ಲೆಕ್ಕದಲ್ಲಿ ಸೌರಮಂಡಲದ ಗ್ರಹಗಳು ನೂರು ದಾಟುತ್ತವೆ. ಪ್ಲೂಟೊ ಒಳಗೆ ಬರುತ್ತದೆ, ಭೂಮಿಯಂತೂ ಇದ್ದೇ ಇದೆ, ಚಂದ್ರನೂ ಗ್ರಹವೇ. ಅಜ್ಜಿಯ ಒಂಬತ್ತರಲ್ಲಿ ಸೂರ್ಯ ಹೊರಗೆ ಹೋಗುತ್ತಾನೆ; ರಾಹು ಕೇತುಗಳಿಗೆ ದುಂಡಗಾಗಲು ಮೈಯೇ ಇಲ್ಲ.